ಎರಡು ತಟ್ಟಿದರೆ ಕೆಳಗಿನ ಗೇರು

ರಾಜಗೋಪಾಲನಗರ
ಭಾನುವಾರ, ೧೪ ಡಿಸೆಂಬರ್ ೨೦೨೫

ಪ್ರೀತಿಯ ಶಾಂತಿ ಅಪ್ಪನಿಗೆ ಅನುಸೂಯಳ ನಮಸ್ಕಾರಗಳು.

ಮದುವೆಯಾಗಿ ಇಷ್ಟು ವರ್ಷಕ್ಕೆ ನಿಮಗೆ ‘ಪ್ರೀತಿಯ’ ಅಂತ ಬರೆಯುತ್ತಿರುವುದು ಇದೇ ಮೊದಲು. ನಗಬೇಡಿ, ನಕ್ಕರೆ ಶಾಂತಿ ಬಂದು ಏನಪ್ಪಾ ಅದು ಅಂತ ಕಾಗದ ಕಿತ್ತುಕೊಳ್ಳುತ್ತಾಳೆ. ಕಣ್ಣು ಹೇಗಿದೆ? ಕಟ್ಟು ಬಿಚ್ಚಿದ ಮೇಲೆ ಎಲ್ಲಾ ತೊಳೆದಿಟ್ಟ ಹಾಗೆ ಕಾಣಿಸುತ್ತಿದೆ, ಎದುರು ಮನೆ ಗೋಡೆಯ ಬಿರುಕೂ ಕಾಣಿಸುತ್ತಿದೆ ಅಂದಿರಂತೆ. ಆಪರೇಷನ್ ಆದವರು ದೇವರ ಪಟ ನೋಡಿ ಕೈ ಮುಗಿಯುತ್ತಾರೆ, ನೀವು ಯಾರ ಮನೆ ಗೋಡೆ ಬಿರುಕು ಬಿಟ್ಟಿದೆ ಅಂತ ನೋಡಿದ್ದೀರಿ. ಹೋಗಲಿ, ಕಂಡರೆ ಸಾಕು. ಡ್ರಾಪ್ಸು ಹೊತ್ತು ಹೊತ್ತಿಗೆ ಹಾಕಿಸಿಕೊಳ್ಳಿ. ಕಣ್ಣು ಉಜ್ಜಬೇಡಿ. ಕೃಪಾ ‘ತಾತಾ, ಆನೆ ಆಗು’ ಅಂದಳು ಅಂತ ಮೊಮ್ಮಗಳ ಮುಂದೆ ತಲೆ ಬಗ್ಗಿಸಿ ನೆಲದ ಮೇಲೆ ಕೂರಬೇಡಿ, ಡಾಕ್ಟರ್ ಬೇಡ ಅಂದಿದ್ದಾರೆ. ಇನ್ನು ನಿಮ್ಮ ಕಿವಿ ಮಿಷನ್ನು ದೇವರ ಗೂಡಿನಲ್ಲಿ, ಊದಿನಕಡ್ಡಿ ಡಬ್ಬದ ಹಿಂದೆ ಸಿಕ್ಕಿತು. ಮರೆತು ಬಂದೆ ಅಂತ ಮಗಳ ಹತ್ತಿರ ಹೇಳಿದ್ದೀರಂತೆ. ಮರೆತ ವಸ್ತು ಡಬ್ಬದ ಹಿಂದೆ ಬಟ್ಟೆ ಸುತ್ತಿಕೊಂಡು ಕೂರುತ್ತದೆಯೇ?

ಆ ಮಿಷನ್ ಇಲ್ಲದ್ದಕ್ಕೇ ಈ ಕಾಗದ. ಫೋನ್ ಮಾಡಿದರೆ ನಿಮಗೆ ಕೇಳಿಸುವುದಿಲ್ಲ. ನಾನು ಇಲ್ಲಿ ಕೂಗಬೇಕು, ಶಾಂತಿ ಅಲ್ಲಿ ನಿಮ್ಮ ಕಿವಿಯ ಹತ್ತಿರ ಕೂಗಬೇಕು, ಗಂಡ ಹೆಂಡತಿಯ ಮಾತು ಎಲೆಕ್ಟ್ರಾನಿಕ್ ಸಿಟಿಯ ಆ ಅಪಾರ್ಟ್‌ಮೆಂಟಿನವರಿಗೆಲ್ಲ ಕೇಳಬೇಕು. ನನಗೆ ಬೇಡಪ್ಪ. ಅಳಿಯಂದಿರು ನಾಳೆ ಪೀಣ್ಯಕ್ಕೆ ಕೆಲಸದ ಮೇಲೆ ಬರುತ್ತಾರಂತೆ, ಮನೆಗೂ ಬಂದು ಅವರೆಕಾಯಿ ತೆಗೆದುಕೊಂಡು ಹೋಗುತ್ತಾರೆ. ಅವರ ಕೈಲಿ ಅಂಟು ಹಾಕಿ ಕಳಿಸುತ್ತಿದ್ದೇನೆ. ಹೊಸ ಕಣ್ಣಿನಲ್ಲಿ ಮೊದಲು ಓದುವುದು ನನ್ನ ಅಕ್ಷರವೇ ಆಗಲಿ ಅಂತ ಸ್ವಲ್ಪ ದಪ್ಪಗೆ ಬರೆದಿದ್ದೇನೆ.

ಮನೆ ಕಡೆ ಎಲ್ಲ ಚೆನ್ನಾಗಿದೆ. ಚಳಿ ಬಿದ್ದಿದೆ. ಚಿಕ್ಕಬಾಣಾವರದಿಂದ ನಮ್ಮ ಅಣ್ಣ ಒಂದು ಚೀಲ ಸೊಗಡವರೆ ಕಳಿಸಿದ್ದ, ಹಿತಕಿ ಹಿತಕಿ ನನ್ನ ಹೆಬ್ಬೆರಳಿನ ಉಗುರು ಹಸಿರಾಗಿದೆ. ಹಿತಕಿದ ಬೇಳೆ ಸಾರು ಮಾಡಿದ ದಿನ ಅಂಜನ್ ಮೂರು ಮುದ್ದೆ ನುಂಗಿ, ಅಪ್ಪ ಇದ್ದಿದ್ರೆ ನಂಗೆ ಎರಡೇ ಸಿಗ್ತಿತ್ತು ಅಂದ. ನೀವಿಲ್ಲದ ಮನೆ ಅವನಿಗೂ ಆಗಿಬರುವುದಿಲ್ಲ, ಹೇಳಿಕೊಳ್ಳುವುದಿಲ್ಲ ಅಷ್ಟೆ, ನಿಮ್ಮದೇ ಬೀಜ. ನನಗಂತೂ ಊಟ ಮಾಡುವಾಗ ಎದುರಿಗೆ ‘ಆಂ? ಏನಂದೆ?’ ಅನ್ನುವವರು ಇಲ್ಲದೆ ಮಾತೇ ರುಚಿಸುವುದಿಲ್ಲ. ಬೇಜಾರು ಅಂತ ತಿಳಿಯಬೇಡಿ. ಚೆನ್ನಾಗಿಯೇ ಇದ್ದೇನೆ. ಏಕೆ ಚೆನ್ನಾಗಿದ್ದೇನೆ ಅಂತ ಹೇಳುವುದಕ್ಕೇ ಇಷ್ಟು ಉದ್ದ ಪೀಠಿಕೆ.

ನಮ್ಮ ಬಿಳಿ ಕಾರಿನ ವಿಷಯ. ನಿಮ್ಮ ಇನ್ನೊಂದು ಕಣ್ಣಿಗೆ ಆವತ್ತು ಫ್ಯಾಕ್ಟರಿಯಲ್ಲಿ ತಗಡಿನ ಚೂರು ಬಿದ್ದದ್ದು ಇನ್ನು ಸರಿಹೋಗುವುದಿಲ್ಲ, ಒಂದೇ ಕಣ್ಣಿನ ಮೇಲೆ ಗಾಡಿ ಓಡಿಸಬೇಡಿ ಅಂತ ಡಾಕ್ಟರ್ ಹೇಳಿದ ದಿನ ನೀವು ಸಾಯಂಕಾಲ ಬಕೆಟ್ಟು ಹಿಡಿದುಕೊಂಡು ಹೋಗಿ ಕಾರು ತೊಳೆದಿರಿ. ಆಮೇಲೆ ಒಳಗೆ ಕೂತು, ಇಂಜಿನ್ ಹಾಕದೆ, ಗೇರಿನ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಇದ್ದಿರಿ. ಅಂಜನ್ ಹೋಗಿ, ಅಪ್ಪಾ ಮಾರ್ಬಿಡೋಣ್ವಾ, ನಂದು ಹೆಂಗಿದ್ರೂ ಗೇರ್ ಇಲ್ಲದ ಕಾರು ಇದೆಯಲ್ಲ, ನಿಮ್ಮಿಬ್ರನ್ನೂ ನಾನೇ ಕರ್ಕೊಂಡು ಹೋಗ್ತೀನಿ ಅಂದ. ಒಳ್ಳೆಯದಕ್ಕೇ ಅಂದ, ಪಾಪ. ನೀವು ಅಂದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. “ಆ ಸೀಟಲ್ಲಿ ಕೂರಕ್ಕಾಗ್ದಿದ್ ಮೇಲೆ ಆ ಕಾರಲ್ಲಿ ನಂಗೇನ್ ಕೆಲ್ಸ? ಮಾರ್ಬಿಡ್ರೋ.” ನನಗೆ ಕೋಪ ಬಂತು. ಇಪ್ಪತ್ತು ವರ್ಷದಿಂದ ನಾನು ಆ ಕಾರಿನಲ್ಲಿ ಡ್ರೈವರ್ ಸೀಟಿನಲ್ಲಿ ಕೂತವಳೇ ಅಲ್ಲ. ಹಾಗಾದರೆ ಇಷ್ಟು ದಿನ ನನಗೇನು ಕೆಲಸವಿತ್ತು ಅದರಲ್ಲಿ?

ಏನು ಕೆಲಸ ಅಂತ ನಿಮಗೆ ಗೊತ್ತು, ನನಗೆ ಗೊತ್ತು. ಮಕ್ಕಳಿಗೆ ಈ ಹೊತ್ತಿಗೂ ಗೊತ್ತಿಲ್ಲ. ಶಾಂತಿ ಹೈಸ್ಕೂಲಿನಲ್ಲಿದ್ದಾಗ ಆ ಕಾರು ತಂದಿರಿ, ಅಷ್ಟು ಹೊತ್ತಿಗೆ ಫ್ಯಾಕ್ಟರಿಯಲ್ಲಿ ತಗಡು ಒತ್ತುವ ಪವರ್ ಪ್ರೆಸ್ಸು ದಿನಾ ಧಡ್ ಧಡ್ ಅಂತ ಬಡಿದೂ ಬಡಿದೂ ನಿಮ್ಮ ಕಿವಿಯನ್ನು ತಿಂದುಹಾಕಿತ್ತು. ಇಂಜಿನ್ ಕೂಗುವುದು ನಿಮಗೆ ಕೇಳಿಸುತ್ತಿರಲಿಲ್ಲ. ಮೊದಲನೇ ಭಾನುವಾರ ಯಶವಂತಪುರದವರೆಗೂ ಎರಡನೇ ಗೇರಿನಲ್ಲೇ ಕರೆದುಕೊಂಡು ಹೋದಿರಲ್ಲ, ರಸ್ತೆಯಲ್ಲಿ ಹೋಗುವವರೆಲ್ಲ ಕಾರು ಸಾಯುತ್ತಿದೆಯೇನೋ ಅಂತ ತಿರುಗಿ ನೋಡುತ್ತಿದ್ದರು, ನೀವು ಮಾತ್ರ ರಾಜನ ಹಾಗೆ ಕೂತಿದ್ದಿರಿ. ವಾಪಸ್ ಬರುವಾಗ ನಾನು ತಡೆಯಲಾರದೆ ನಿಮ್ಮ ಕೈ ಮೇಲೆ ತಟ್ಟಿದೆ. ನೀವು ಗೇರ್ ಹಾಕಿದಿರಿ. ಇಂಜಿನ್ ಸಮಾಧಾನವಾಯಿತು. ಅಲ್ಲಿಂದ ಅದೇ ಲೆಕ್ಕವಾಯಿತು. ಒಂದು ತಟ್ಟಿದರೆ ಮೇಲಿನ ಗೇರು, ಎರಡು ತಟ್ಟಿದರೆ ಕೆಳಗಿನ ಗೇರು. ಮಕ್ಕಳಿಗೆ ಹೇಳಬೇಡ ಅಂದಿರಿ, ಹೇಳಲಿಲ್ಲ. ಅಮ್ಮ ಕಾರಲ್ಲಿ ಕೂತ್ರೆ ಅಪ್ಪನ ಕೈ ಮೇಲೆ ಹೊಡೀತಾನೇ ಇರ್ತಾಳೆ, ಒಂದ್ ನಿಮಿಷ ನೆಮ್ಮದಿಯಾಗಿ ಓಡ್ಸಕ್ಕೆ ಬಿಡಲ್ಲ ಅಂತ ಅಂಜನ್ ಆಡಿಕೊಂಡಾಗಲೂ ಹೇಳಲಿಲ್ಲ. ಜಗಳಗಂಟಿ ಅನ್ನಿಸಿಕೊಂಡೆ. ನಾನು ತೂಕಡಿಸಿದರೆ ಕಾರು ನೆಲಮಂಗಲದವರೆಗೂ ಮೂರನೇ ಗೇರಿನಲ್ಲೇ ಹೋಗುತ್ತಿತ್ತು. ಇಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ ಅಂತ ತೋರಿಸುವ ಮುಳ್ಳು ಈಗಿನ ಕಾರುಗಳಲ್ಲೆಲ್ಲ ಇರುತ್ತದಂತೆ. ನಮ್ಮದರಲ್ಲಿ ಇಲ್ಲ. ನಮ್ಮದರಲ್ಲಿ ಅದು ನಾನೇ.

ಅದಕ್ಕೇ ನಿರ್ಧಾರ ಮಾಡಿದೆ. ದಸರಾ ಮುಗಿದ ಮೇಲೆ ಬೆಳಗ್ಗೆ ಬೆಳಗ್ಗೆ ವಾಕಿಂಗು ಅಂತ ಹೋಗುತ್ತಿದ್ದೆನಲ್ಲ, ಏನೇ ಇಷ್ಟು ದೂರ ನಡೆದರೂ ಬೆವರೇ ಇಲ್ಲ ನಿನಗೆ ಅಂತ ನೀವು ಕೇಳಿದ್ದಿರಿ. ಬೆವರು ಎಲ್ಲಿಂದ ಬರಬೇಕು? ವಾಕಿಂಗು ಬಸ್ ಸ್ಟಾಪಿನವರೆಗೆ, ಅಲ್ಲಿಂದ ಡ್ರೈವಿಂಗ್ ಸ್ಕೂಲಿನ ಕಾರು. ಕಲಿಸುವವಳು ರಕ್ಷಿತಾ ಅಂತ, ನಮ್ಮ ಶಾಂತಿಗಿಂತ ಚಿಕ್ಕವಳು. ಹೆಂಗಸರಿಗೆ ಕಲಿಸುವುದಕ್ಕೇ ಇದ್ದಾಳೆ, ಬಾಯಿ ಜೋರು, ಮನಸ್ಸು ಬೆಣ್ಣೆ. ಮೊದಲ ದಿನವೇ ನನ್ನ ಮಾನ ಹೋಯಿತು ನೋಡಿ. ಗಾಡಿ ಹೊರಟಿತು, ಒಂದನೇ ಗೇರಿನಲ್ಲಿ ಇಂಜಿನ್ ಕೂಗತೊಡಗಿತು, ನನಗೆ ಚೆನ್ನಾಗಿ ಕೇಳಿಸಿತು. ತಕ್ಷಣ ರಕ್ಷಿತಾಳ ಕೈ ಮೇಲೆ ಒಂದು ತಟ್ಟಿ, ಇನ್ನು ಗೇರ್ ಬೀಳುತ್ತದೆ ಅಂತ ಆರಾಮವಾಗಿ ಕೂತುಬಿಟ್ಟೆ. ಅವಳು ಬೆಚ್ಚಿ, “ಏನಾಂಟಿ, ಏನಾಯ್ತು?” ಅಂದಳು. ಇಂಜಿನ್ ಇನ್ನೂ ಜೋರಾಗಿ ಕೂಗಿತು, ನಾನು ಇನ್ನೂ ಜೋರಾಗಿ ತಟ್ಟಿದೆ. “ಅಯ್ಯೋ ಆಂಟಿ, ನನ್ನನ್ನ್ಯಾಕೆ ಹೊಡೀತೀರ, ಗೇರ್ ಹಾಕ್ರೀ!” ಅಂದಾಗಲೇ ನನಗೆ ಹೊಳೆದದ್ದು, ಹಾಕಬೇಕಾದವಳು ನಾನೇ ಅಂತ. ಇಬ್ಬರೂ ನಕ್ಕು ನಕ್ಕು ಗಾಡಿ ಆಫ್ ಆಯಿತು. ನಾಲ್ಕೈದು ದಿನ ಅದೇ ಪಾಡು. ಆಮೇಲೆ ಅವಳಿಗೆ ನಿಜ ಹೇಳಿದೆ. ನಿಮ್ಮ ಆಣೆ ಮಕ್ಕಳ ಮಟ್ಟಿಗೆ ತಾನೇ, ಅವಳಿಗೆ ಹೇಳಬಹುದು. “ಆಂಟಿ, ಅರ್ಧ ಡ್ರೈವಿಂಗು ನಿಮಗೆ ಬಂದ್ಬಿಟ್ಟಿದೆ, ಇನ್ನರ್ಧ ಕೈಗೆ ಕಲ್ಸೋಣ” ಅಂದಳು.

ಕೈಗೆ ಕಲಿಸುವುದೇ ಕಷ್ಟವಾಯಿತು. ಹಂಪುಗಳಂತೂ ನನಗೆ ವೈರಿಗಳು. ನಮ್ಮ ಏರಿಯಾದ ಹಂಪುಗಳಿಗೆ ಬಣ್ಣ ಬಳಿದು ಯಾವ ಕಾಲವಾಯಿತೋ, ರಸ್ತೆಗೂ ಹಂಪಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ, ನನ್ನ ಕನ್ನಡಕದಲ್ಲಿ ಹತ್ತಿರ ಬರುವವರೆಗೆ ಕಾಣುವುದಿಲ್ಲ. ಎಷ್ಟು ಸಲ ತಳ ಉಜ್ಜಿದೆನೋ, ಸ್ಕೂಲಿನ ಕಾರು, ಪಾಪ ಹೊಟ್ಟೆಗೆ ಹಾಕಿಕೊಂಡಿತು. ಅದೊಂದು ಈವತ್ತಿಗೂ ಸರಿಯಾಗಿಲ್ಲ. ಮಿಕ್ಕಿದ್ದೆಲ್ಲ ಕೂತಿತು. ಆರ್‌ಟಿಒದಲ್ಲಿ ಟೆಸ್ಟೂ ಕೊಟ್ಟೆ, ಹೋದ ವಾರ ಲೈಸೆನ್ಸೂ ಬಂತು. ಫೋಟೋದಲ್ಲಿ ಕಳ್ಳಿಯ ಹಾಗೆ ಇದ್ದೇನೆ.

ಈಗ ಚಿರಂಜೀವಿಯ ಕಥೆ ಕೇಳಿ, ಅದು ಇಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಎದುರು ಬೀದಿ ಹನುಮಂತರಾಯಪ್ಪನವರ ಮಗ, ನೀವು ಊರಲ್ಲಿದ್ದಾಗಲೇ ಹೊಸ ಕಾರು ತಂದು ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಬೀದಿಗೆಲ್ಲ ಸ್ವೀಟು ಹಂಚಿದನಲ್ಲ, ಅವನೇ. ಅವನಿಗೆ ತುಮಕೂರು ರಸ್ತೆಯ ಫ್ಲೈಓವರ್ ಹತ್ತಿದರೆ ಮೈಮೇಲೆ ಬರುತ್ತದೆ. ಐದನೇ ಗೇರಿನಲ್ಲಿ ಹೋಗುತ್ತಿದ್ದವನು ಯಾರನ್ನೋ ಓವರ್‌ಟೇಕ್ ಮಾಡುವುದಕ್ಕೆ ನಾಲ್ಕಕ್ಕೆ ಇಳಿಸಲು ಹೋಗಿ, ಆತುರದಲ್ಲಿ ಮುಷ್ಟಿ ಕಟ್ಟಿ ಎಳೆದು ಎರಡಕ್ಕೆ ಹಾಕಿ ಕ್ಲಚ್ ಬಿಟ್ಟಿದ್ದಾನೆ. ಇಂಜಿನ್ ಒಂದು ಸಲ ಕಿರುಚಿತಂತೆ, ಮುಗೀತು. ಗಾಡಿಯನ್ನು ಕಟ್ಟಿ ಎಳೆದುಕೊಂಡು ಬಂದರು. ಹಣಮಂತನ ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚಿದಾಗ ಒಳಗೆ ವಾಲ್ವುಗಳೆಲ್ಲ ಬಾಗಿ, ಪಿಸ್ಟನ್ನಿಗೆ ಬಡಿದು ಚೂರಾಗಿದ್ದವು. ಹನುಮಂತರಾಯಪ್ಪನವರು ಮಾತ್ರ ಕಂಪನಿಯವರು ಕೆಟ್ಟ ಇಂಜಿನ್ ಕೊಟ್ಟಿದ್ದಾರೆ, ಜಾಸ್ತಿ ತಿರುಗಿದ್ರೆ ತಾನೇ ನಿಲ್ಸೋ ಕಂಪ್ಯೂಟರ್ ಇದೆ ಅಂದಿದ್ರಲ್ಲ ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದರು. ಅದಕ್ಕೆ ಮೆಕ್ಯಾನಿಕ್ ಹಣಮಂತ ತನ್ನ ಊರ ಕಡೆಯ ಮಾತಿನಲ್ಲಿ ಅಂದದ್ದು ಹೀಗೆ: “ಪೆಟ್ರೋಲ್ ನಿಂದ್ರಸೂದು ಕಂಪ್ಯೂಟರ್ ಕೈಯಾಗ ಐತ್ರಿ ಯಜಮಾನ್ರ. ಗಾಲಿ ನಿಂದ್ರಸೂದು ಯಾರ ಕೈಯಾಗ ಐತಿ?”

ನನಗೆ ಆ ಮಾತು ಬಿಡಿಸಿ ಹೇಳಬೇಕಾಗಲಿಲ್ಲ. ನಮ್ಮ ಅಪ್ಪನ ಮನೆಯ ಎತ್ತಿನ ಗಾಡಿ ನೆನಪಾಯಿತು. ದಿಣ್ಣೆ ಇಳಿಯುವಾಗ ಹೇರು ಜಾಸ್ತಿಯಾದರೆ ಎತ್ತು ಗಾಡಿ ಎಳೆಯುವುದಿಲ್ಲ, ಗಾಡಿಯೇ ಎತ್ತನ್ನು ನೂಕಿಕೊಂಡು ಹೋಗುತ್ತದೆ, ಎತ್ತು ಓಡಲಾರದೆ ಮುಗ್ಗರಿಸಿ ಕಾಲು ಮುರಿದುಕೊಳ್ಳುತ್ತದೆ. ಜೋರಾಗಿ ಹೋಗುವಾಗ ಎರಡನೇ ಗೇರು ಬಿದ್ದರೆ ಇಂಜಿನ್ನಿಗೂ ಅದೇ ಗತಿ, ಚಕ್ರಗಳೇ ಅದನ್ನು ಅದರ ಶಕ್ತಿ ಮೀರಿ ತಿರುಗಿಸುತ್ತವೆ. ನಾನಿನ್ನೂ ಕಲಿಯುತ್ತಿದ್ದ ದಿನಗಳವು, ಈ ಸುದ್ದಿ ಕೇಳಿ ಮರುದಿನ ರಕ್ಷಿತಾ ಪಾಠವನ್ನೇ ಬದಲಾಯಿಸಿದಳು. ಸ್ಕೂಲಿನ ಕಾರನ್ನು ಮೈದಾನದ ಪಕ್ಕ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಬರೀ ಗೇರು ಹಾಕಿಸಿದಳು. ಎಡಗಡೆ ತುದಿಯಲ್ಲಿ ಒಂದು, ಎರಡು. ಮಧ್ಯದಲ್ಲಿ ಮೂರು, ನಾಲ್ಕು. ನಮ್ಮ ಮಗ್ಗುಲಿಗೆ ಐದು. ಕೈ ಬಿಟ್ಟರೆ ಗೇರಿನ ಕೋಲು ತಾನಾಗಿಯೇ ಮಧ್ಯಕ್ಕೆ ಬಂದು ನಿಲ್ಲುತ್ತದೆ, ಒಳಗೆ ಸ್ಪ್ರಿಂಗು ಇದೆ. ಹಾಗಾಗಿ ಐದರಿಂದ ನಾಲ್ಕಕ್ಕೆ ಬರುವಾಗ ನಾವು ಎಡಕ್ಕೆ ತಳ್ಳುವುದೇ ಬೇಡ, ಐದರಿಂದ ಬಿಡಿಸಿ, ಅದು ಮಧ್ಯಕ್ಕೆ ಬರಲಿ ಅಂತ ಒಂದು ಉಸಿರು ಕಾದು, ನೇರ ಹಿಂದಕ್ಕೆ ಎಳೆದರೆ ನಾಲ್ಕು. ಎಡಕ್ಕೆ ತಳ್ಳಿ ಎಳೆದರೆ ಎರಡು. “ಮುಷ್ಟಿ ಕಟ್ಬೇಡಿ ಆಂಟಿ, ಬೆರಳಲ್ಲಿ ಹಿಡೀರಿ” ಅಂತ ಅವಳು ಹೇಳೀ ಹೇಳೀ ಸಾಕಾದಳು. ನಾನು ಕೊನೆಗೆ ಕೋಳಿಮರಿ ಹಿಡಿಯುವ ಹಾಗೆ ಅಂತ ಅಂದುಕೊಂಡೆ, ಬಿಟ್ಟರೆ ಓಡಬಾರದು, ಹಿಡಿದರೆ ಸಾಯಬಾರದು. ಆಗ ಕೈ ಕೇಳಿತು. ನೀವೂ ಹಾಗೇ ಹಿಡಿಯುತ್ತಿದ್ದಿರಿ, ಪಕ್ಕದಲ್ಲಿ ಕೂತು ನೋಡಿದ್ದೇನೆ. ಮನೆಯಲ್ಲಿ ಎಲ್ಲದಕ್ಕೂ ಮುಷ್ಟಿ ಕಟ್ಟುವ ಮನುಷ್ಯ ಗೇರನ್ನು ಮಾತ್ರ ಹೇಗೆ ಇಷ್ಟು ಮೆತ್ತಗೆ ಹಿಡಿಯುತ್ತಾರೆ ಅಂತ ಆಗೆಲ್ಲ ಅನ್ನಿಸುತ್ತಿತ್ತು.

ಇನ್ನು ನಮ್ಮ ಬಿಳಿ ಕಾರು. ಲೈಸೆನ್ಸು ಬಂದ ಮೇಲೆ ತಡೆಯುವುದಕ್ಕಾಗಲಿಲ್ಲ. ಅಂಜನ್ ಶಿಫ್ಟಿಗೆ ಹೋದ ಮೇಲೆ ಟಾರ್ಪಾಲು ತೆಗೆದೆ. ಮೇಲೆ ಮಲಗುತ್ತಿದ್ದ ಕರಿ ಬೆಕ್ಕು ಮನೆ ಖಾಲಿ ಮಾಡಿಸಿದ ಬಾಡಿಗೆಯವರ ಹಾಗೆ ನನ್ನ ಮುಖ ನೋಡಿತು. ಬ್ಯಾಟರಿ ಸತ್ತಿತ್ತು, ಹಣಮಂತ ಬಂದು ಎಬ್ಬಿಸಿದ. ಇಂಜಿನ್ ಶುರುವಾದ ಕೂಡಲೇ ಕಣ್ಣಲ್ಲಿ ನೀರು ಬಂತು ಕಣ್ರೀ. ಎಷ್ಟೋ ತಿಂಗಳ ಮೇಲೆ ನಮ್ಮ ಮನೆಯವರದೇ ದನಿ ಕೇಳಿದ ಹಾಗಾಯಿತು. ಈ ಕಾರಿನಲ್ಲಿ ಸ್ಕೂಲಿನ ಕಾರಿನ ಹಾಗೆ ಕಲಿಸುವವರ ಕಾಲಿನ ಕೆಳಗೆ ಇನ್ನೊಂದು ಕ್ಲಚ್ಚು ಬ್ರೇಕು ಇಲ್ಲ. ಏನೇ ಆದರೂ ನನ್ನದೇ ಪಾಡು. ರಕ್ಷಿತಾ ಎಡಗಡೆ, ಅಂದರೆ ನನ್ನ ಜಾಗದಲ್ಲಿ, ಕೂತಳು. ನೆಲಮಂಗಲದವರೆಗೂ ಹೋದೆವು, ಏನೂ ತೊಂದರೆಯಾಗಲಿಲ್ಲ, ಅಲ್ಲಿ ಕಾಫಿ ಕುಡಿದೆವು. ವಾಪಸ್ ಬರುವಾಗ ರಸ್ತೆ ಖಾಲಿ, ಐದನೇ ಗೇರು, ಕಾರು ತುಪ್ಪ ಜಾರಿದ ಹಾಗೆ ಬರುತ್ತಿತ್ತು. ನನಗೂ ಸ್ವಲ್ಪ ತಲೆಗೇರಿತು ಅನ್ನಿ. ಮುಂದೆ ಕಬ್ಬಿಣದ ಸರಳು ತುಂಬಿದ ಒಂದು ಲಾರಿ, ಸರಳುಗಳು ಹಿಂದೆ ಚಾಚಿಕೊಂಡು ಕೆಂಪು ಬಟ್ಟೆ ಕಟ್ಟಿದ್ದರು, ಇದ್ದಕ್ಕಿದ್ದಂತೆ ನಿಧಾನವಾಯಿತು. ಆ ಸರಳು ನೋಡಿ ನನ್ನ ಜೀವ ಬಾಯಿಗೆ ಬಂತು. ಮೊದಲು ಬ್ರೇಕು, ವೇಗ ಇಳಿದ ಮೇಲೆ ಗೇರು, ಅಂತ ರಕ್ಷಿತಾ ಸಾವಿರ ಸಲ ಹೇಳಿದ್ದಳು. ನಾನು ಎಲ್ಲ ಒಟ್ಟಿಗೆ ಮಾಡಿದೆ. ಕೋಳಿಮರಿ ಮರೆತು ಹೋಯಿತು. ಮುಷ್ಟಿ ಕಟ್ಟಿ, ತಳ್ಳಿ, ಎಳೆದೆ. ಕೋಲು ಎರಡಕ್ಕೆ ಹೋಗಿ ಕೂತಿತು.

ಆಗ ನನಗದು ಗೊತ್ತಿಲ್ಲ. ನಾಲ್ಕು ಅಂದುಕೊಂಡೇ ಕ್ಲಚ್ಚಿನಿಂದ ಕಾಲು ಎತ್ತುತ್ತಿದ್ದೇನೆ. ಕಾಲು ಇನ್ನೂ ಪೂರ್ತಿ ಎದ್ದಿಲ್ಲ, ಇಂಜಿನ್ ದನಿ ಏರತೊಡಗಿತು. ರೀ, ಇಷ್ಟು ವರ್ಷದಲ್ಲಿ ಆ ಕಾರು ಆ ದನಿ ಮಾಡಿದ್ದನ್ನು ನಾನು ಕೇಳಿರಲಿಲ್ಲ. ಅದು ನಾಲ್ಕನೇ ಗೇರಿನ ದನಿ ಅಲ್ಲ, ಮೂರನೆಯದೂ ಅಲ್ಲ. ಯೋಚನೆ ಮಾಡಿ ತಿಳಿದದ್ದಲ್ಲ, ಕಿವಿಗೆ ತಾನೇ ತಿಳಿಯಿತು, ತಲೆಗೆ ಸುದ್ದಿ ಹೋಗುವ ಮೊದಲೇ ಕಾಲು ಕ್ಲಚ್ಚನ್ನು ಪುನಃ ತಳದವರೆಗೆ ತುಳಿದಿತ್ತು. ಇಂಜಿನ್ ನಿಟ್ಟುಸಿರು ಬಿಟ್ಟ ಹಾಗೆ ಇಳಿಯಿತು. ಬ್ರೇಕು ಒತ್ತಿದೆ. ಗೇರಿನಿಂದ ಕೈ ಸಡಿಲ ಬಿಟ್ಟು ನ್ಯೂಟ್ರಲ್ಲಿಗೆ ತಂದೆ, ಕೋಲು ತಾನಾಗಿ ಮಧ್ಯಕ್ಕೆ ಬಂದು ನಿಂತಿತು, ಎರಡೇ ಬೆರಳಲ್ಲಿ ನೇರ ಹಿಂದಕ್ಕೆ ಎಳೆದೆ, ನಾಲ್ಕು. ಲಾರಿ ಪಕ್ಕಕ್ಕೆ ಸರಿಯಿತು, ನಾವು ಮುಂದೆ ಹೋಗಿ ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆವು. ರಕ್ಷಿತಾ, “ಆಂಟಿ, ನಾನ್ ಕ್ಲಚ್ ಅನ್ನೋದ್ರೊಳಗೆ ನೀವು ತುಳಿದ್ಬಿಟ್ರಿ. ನಂಗಿನ್ನೂ ಸೌಂಡೇ ಕೇಳ್ಸಿರ್ಲಿಲ್ಲ” ಅಂದಳು. ನನಗೆ ಅಲ್ಲಿಯೇ, ಬಂಕಿನಲ್ಲಿ ಗಾಳಿ ಹಾಕುವವನ ಎದುರಿಗೇ, ಅಳು ಬಂತು. ಕಾರು ಉಳಿಯಿತಲ್ಲ ಅಂತ ಒಂದು. ಎಲ್ಲರೂ ಜಗಳಗಂಟಿ ಅಂದ ಆ ಇಪ್ಪತ್ತು ವರ್ಷದ ತಟ್ಟುವಿಕೆ ದಂಡವಾಗಲಿಲ್ಲವಲ್ಲ ಅಂತ ಇನ್ನೊಂದು.

ಉಳಿಯಿತು ಅಂತ ಸುಮ್ಮನೆ ಹೇಳುತ್ತಿಲ್ಲ. ಅಲ್ಲಿಂದ ಮೆಲ್ಲಗೆ ನೇರ ಹಣಮಂತನ ಗ್ಯಾರೇಜಿಗೆ ತಂದೆವು. ಅವನು ಬಾನೆಟ್ಟು ಎತ್ತಿ, ಇಂಜಿನ್ ಓಡಿಸಿ, ಕಿವಿಯಿಟ್ಟು ಕೇಳಿ, ಆಯಿಲ್ ನೋಡಿ, ಬೆಲ್ಟು ನೋಡಿ, ಒಂದು ಸುತ್ತು ಓಡಿಸಿಕೊಂಡೂ ಬಂದ. “ಅರ್ಧಾ ಬಿಡೂದ್ರಾಗ ಹಿಡದೀರಿ ಅಕ್ಕಾರ, ಅದಕ್ಕ ಉಳಕೊಂಡೈತಿ. ಏನೂ ಆಗಿಲ್ರಿ” ಅಂದ. ಆದರೆ ಗೇರಿನ ಕೋಲು ಅಲುಗಾಡಿಸಿ ನೋಡಿದವನು ನಿಮ್ಮನ್ನು ಚೆನ್ನಾಗಿ ಬೈದ, ನಿಮಗೆ ಕೇಳಿಸದಿದ್ದದ್ದು ಒಳ್ಳೆಯದಾಯಿತು. ಅದರ ಬುಡದಲ್ಲಿರುವ ಬುಷ್ಷು ಅನ್ನುವ ಬಳೆ ಸವೆದು ಸವೆದು ಲೊಡಲೊಡ ಅನ್ನುತ್ತಿತ್ತಂತೆ, ಯಾವ ಗೇರು ಎಲ್ಲಿದೆ ಅಂತ ಹೊಸಬರಿಗೆ ತಿಳಿಯುವುದೇ ಕಷ್ಟವಂತೆ. ನಿಮ್ಮ ಕೈಗೆ ಅಭ್ಯಾಸವಾಗಿತ್ತು, ಹಾಗೇ ನಡೆಸಿಕೊಂಡು ಬಂದಿದ್ದೀರಿ. ಹೊಸದು ಹಾಕಿದ್ದಾನೆ. ಈಗ ಒಂದೊಂದು ಗೇರೂ ಬೀಗ ಬಿದ್ದ ಹಾಗೆ ಟಕ್ ಅಂತ ಕೂರುತ್ತದೆ. ಆಮೇಲೆ ಮೂರು ಸಲ ಅದೇ ರಸ್ತೆಯಲ್ಲಿ ಹೋಗಿ ಬಂದೆ, ಐದರಿಂದ ನಾಲ್ಕು, ನಾಲ್ಕರಿಂದ ಐದು, ಕೋಳಿಮರಿಗೆ ಒಂದು ಪುಕ್ಕವೂ ಉದುರಲಿಲ್ಲ. ಕ್ಲಚ್ಚನ್ನು ಕೊನೆಯ ಅರ್ಧ ಯಾವಾಗಲೂ ಮೆಲ್ಲಗೇ ಬಿಡುತ್ತೇನೆ, ದನಿ ಸರಿಯಿದೆಯಾ ಅಂತ ಕೇಳಿಸಿಕೊಂಡು ಬಿಡುತ್ತೇನೆ.

ಅಂಜನ್‌ಗೆ ನಿನ್ನೆ ಹೇಳಿದೆ, ಕಾರು ಓಡಿಸುವುದು, ಲಾರಿ, ಎರಡನೇ ಗೇರು, ಎಲ್ಲ. ತಟ್ಟುವ ವಿಷಯ ಮಾತ್ರ ಹೇಳಲಿಲ್ಲ, ಅದು ನೀವೇ ಹೇಳಬೇಕಾದದ್ದು. ಅವನಿಗೆ ಮೊದಲು ನಂಬಿಕೆಯಾಗಲಿಲ್ಲ, ಆಮೇಲೆ ಸಿಟ್ಟು ಬಂತು, ಆಮೇಲೆ ಕಾರಿನಲ್ಲಿ ಕೂರಿಸಿಕೊಂಡು ಪೀಣ್ಯ ಎರಡನೇ ಹಂತದವರೆಗೆ ಒಂದು ಸುತ್ತು ಹಾಕಿದೆ, ಸಿಟ್ಟು ಇಳಿಯಿತು. ಆದರೂ ಅವನದು ಒಂದೇ ಹಟ. “ನೀನು ಓಡಿಸ್ತೀಯಮ್ಮ, ಸರಿ. ಅಪ್ಪ ಕೂರ್ಬೇಕಲ್ಲ? ಅಪ್ಪ ಪಕ್ಕದ ಸೀಟಲ್ಲಿ ಕೂರೋ ಮನುಷ್ಯನಾ?” ಅಂದ. ಕೊಳ್ಳುವ ಪಾರ್ಟಿಗೆ ಅವನು ಮಾತು ಕೊಟ್ಟಾಗಿದೆ. ನೀವು ಬೇಡ ಅಂದರೆ ಮಾತ್ರ ಬೇಡ ಅನ್ನುತ್ತಾನಂತೆ, ನಾನು ಹೇಳಿದರೆ ಆಗುವುದಿಲ್ಲವಂತೆ. ಕಾರು ನಿಮ್ಮ ಹೆಸರಿನಲ್ಲಿದೆ, ಅವನ ಮಾತೂ ಸರಿಯೇ. ರಾತ್ರಿ ಊಟಕ್ಕೆ ಕೂತಾಗ ಮತ್ತೆ ಮೂರು ಮುದ್ದೆ ನುಂಗಿದ, ಹಾಗಾಗಿ ಅವನಿಗೂ ಅಷ್ಟೇನೂ ಬೇಜಾರಿಲ್ಲ ಅಂತ ತಿಳಿದುಕೊಂಡೆ.

ಅಳಿಯಂದಿರು ಬರುವ ಹೊತ್ತಿಗೆ ಇನ್ನೂ ಒಂದಷ್ಟು ಕಾಯಿ ಬಿಡಿಸಬೇಕು, ಮುಗಿಸುತ್ತೇನೆ. ಅಳಿಯಂದಿರಿಗೂ ಶಾಂತಿಗೂ ನನ್ನ ಆಶೀರ್ವಾದ, ಕೃಪಾಳ ಎರಡು ಕೆನ್ನೆಗೂ ಅಜ್ಜಿಯ ಮುತ್ತು. ನಿಮಗೆ ಏನು ಕೊಡಲಿ? ಸೊಗಡವರೆಯ ಜೊತೆ ಕಿವಿ ಮಿಷನ್ನನ್ನೂ ಚೀಲದಲ್ಲಿ ಹಾಕಿದ್ದೇನೆ, ಈ ಸಲ ಮರೆಯಬೇಡಿ. ಬೇಗ ಬನ್ನಿ, ಆಂ ಏನಂದೆ ಅನ್ನುವವರು ಬೇಕಾಗಿದ್ದಾರೆ.

ನಿಮ್ಮ
ಅನುಸೂಯ

ಮುಖ್ಯವಾದದ್ದನ್ನೇ ಬಿಟ್ಟೆ, ಅಂಟು ಹಾಕಿದ್ದನ್ನು ಬಿಚ್ಚಿ ಬರೆಯುತ್ತಿದ್ದೇನೆ. ಗುರುವಾರ ಅಂಜನ್ ಕಾರಿನ ಪೇಪರ್ ಹಿಡಿದುಕೊಂಡು ಸಹಿಗೆ ಬರುತ್ತಾನೆ. ಹಾಕಬೇಡಿ. ಬೇಡ ಅನ್ನಲು ಬಾಯಿ ಬರದಿದ್ದರೆ ಕೇಳಿಸಲಿಲ್ಲ ಅನ್ನಿ, ಅದು ನಿಮಗೆ ಚೆನ್ನಾಗಿ ಬರುತ್ತದೆ. ಶನಿವಾರ ಶಾಂತಿ ನಿಮಗೆ ಕ್ಯಾಬ್ ಮಾಡುತ್ತಾಳಂತೆ, ಅದನ್ನೂ ಹತ್ತಬೇಡಿ. ತಿಂಡಿ ಹೊತ್ತಿಗೆ ಬಿಳಿ ಕಾರು ನೈಸ್ ರಸ್ತೆಯಲ್ಲಿ ಬಂದು ಅವಳ ಗೇಟಿನ ಮುಂದೆ ನಿಂತಿರುತ್ತದೆ. ಬರುವಾಗ ರಕ್ಷಿತಾ ಜೊತೆಗಿರುತ್ತಾಳೆ, ಅಲ್ಲಿಂದ ಅವಳು ಮೆಟ್ರೋ ಹತ್ತುತ್ತಾಳೆ. ವಾಪಸ್ ನಾವಿಬ್ಬರೇ. ನೀವು ಎಡಗಡೆ, ನನ್ನ ಸೀಟಿನಲ್ಲಿ. ಆ ಕಾರಲ್ಲಿ ನಂಗೇನ್ ಕೆಲ್ಸ ಅಂತ ಕೇಳಿದಿರಲ್ಲ, ಕೆಲಸ ಇದೆ. ಇಂಜಿನ್ ನಾನು ಕೇಳಿಸಿಕೊಳ್ಳುತ್ತೇನೆ, ಆದರೆ ಬಣ್ಣ ಹೋದ ಹಂಪು ನನಗೆ ದೂರದಿಂದ ಕಾಣುವುದಿಲ್ಲ. ಎದುರು ಮನೆ ಗೋಡೆಯ ಬಿರುಕು ಕಾಣುವ ಕಣ್ಣಿಗೆ ಅದು ಕಂಡೇ ಕಾಣುತ್ತದೆ. ಕಂಡ ಕೂಡಲೇ ನನ್ನ ಕೈ ಮೇಲೆ ಎರಡು ಸಲ ತಟ್ಟಿ. ನಾನು ಗೇರ್ ಇಳಿಸುತ್ತೇನೆ.